3,500 ರೂಪಾಯಿಯ ಬೈನಾಕ್ಯುಲರ್, ಅಮ್ಮನ ನಕ್ಷತ್ರದ ನೆರೆಕರೆ

ಗಲ್ಫಿನಿಂದ ವಾಪಸು ಬಂದ ನೆರೆಮನೆಯವರಿಂದ 3,500 ರೂಪಾಯಿಗೆ ತೆಗೆದುಕೊಂಡ ಹಳೆಯ ಬೈನಾಕ್ಯುಲರ್ ಇದು. ಕಂಪನಿಯ ಹೆಸರು ಉಜ್ಜಿ ಹೋಗಿದೆ, 10×50 ಅನ್ನೋದಷ್ಟೇ ಓದಲು ಬರುತ್ತದೆ. ಅಂದರೆ ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 50 ಮಿಲಿಮೀಟರ್ ಅಗಲ. ಬದಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ಹಗಲು ಇದರ ಕೆಲಸ ಬೊಂಡ ಕೀಳುವ ಮಂಗಗಳನ್ನು ಹುಡುಕುವುದು. ಅದಕ್ಕೆ ಧಾರಾಳ ಸಾಕು.

ನಾನು ತೆಗೆದುಕೊಂಡದ್ದು ಮಾತ್ರ 51 ಪೆಗಾಸಿ ಅನ್ನುವ ನಕ್ಷತ್ರ ನೋಡಲಿಕ್ಕೆ. ನಮ್ಮ ಸೂರ್ಯನಂಥ ನಕ್ಷತ್ರವೊಂದಕ್ಕೆ ಗ್ರಹ ಇದೆ ಅಂತ ಮೊದಲು ಗೊತ್ತಾದದ್ದು ಅಲ್ಲೇ, 1995ರಲ್ಲಿ. ಬುಧನಿಗೆ ಸೂರ್ಯನನ್ನು ಸುತ್ತಲು 88 ದಿನ ಬೇಕು. 51 ಪೆಗಾಸಿಯ ಈ ಗ್ರಹ ಗುರುವಿನ ಹೆಚ್ಚುಕಡಿಮೆ ಅರ್ಧ ತೂಕದ್ದು, ಆದರೂ ನಾಲ್ಕೂಕಾಲು ದಿನದೊಳಗೆ ಒಂದು ಸುತ್ತು ಮುಗಿಸುತ್ತದೆ. ಒಲೆಯ ಬಾಯಲ್ಲೇ ಕೂತ ಹಾಗೆ.

ಹುಡುಕುವುದು ಕಷ್ಟವಿಲ್ಲ. ಪೂರ್ವಾಭಾದ್ರದ ಎರಡು ನಕ್ಷತ್ರ ಗುರುತು ಸಿಕ್ಕರೆ ಅವುಗಳ ನಡುವೆ, ಸ್ವಲ್ಪ ಪಶ್ಚಿಮಕ್ಕೆ ಸರಿದರೆ ಆಯಿತು. ಅಮ್ಮನ ಜನ್ಮನಕ್ಷತ್ರವೂ ಅದೇ. ತುಲಾ ಮಾಸದ ಕೊನೆಗೆ ರಾತ್ರಿ ಎಂಟರ ಸುಮಾರಿಗೆ ಅದು ನೆತ್ತಿಯ ಮೇಲೆಯೇ ಇರುತ್ತದೆ. ನಿಂತು ನೋಡಿದರೆ ಕುತ್ತಿಗೆ ಉಳಿಯುವುದಿಲ್ಲ, ಕೈಯೂ ನಡುಗುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಒಂದಿಷ್ಟು ಬದಿಗೆ ಸರಿಸಿ, ಚಾಪೆ ಹಾಸಿ ಮಲಗಿದೆ.

ಈ ಬೈನಾಕ್ಯುಲರಿನ ದೊಡ್ಡ ತೊಂದರೆ ಬಲಗಣ್ಣಿಗೆ ನೋಟ ಸರಿಹೊಂದಿಸುವ ರಿಂಗ್. ಸಡಿಲ ಆಗಿದೆ. ಎಡಗಣ್ಣಿಗೆ ಚುಕ್ಕಿ, ಬಲಗಣ್ಣಿಗೆ ಹತ್ತಿಯ ಉಂಡೆ. ಸೈಕಲ್ ಟ್ಯೂಬಿನ ತುಂಡು ಬಿಗಿದ ಮೇಲೆ ನಿಂತಿತು. ಆಮೇಲೆ ಸಿಕ್ಕಿತು, ಅಕ್ಕಪಕ್ಕದವಕ್ಕಿಂತ ಏನೂ ಬೇರೆಯಲ್ಲದ ಒಂದು ಸಣ್ಣ ಚುಕ್ಕಿ.

"ಎಂತ ಕಾಣ್ತದೆ?" ಅಮ್ಮ ಜಗಲಿಯಿಂದಲೇ ಕೇಳಿದರು.

"ನಕ್ಷತ್ರ."

"ಗ್ರಹ?"

"ಅದು ಕಾಣುವುದಿಲ್ಲ ಅಮ್ಮ."

"ಮತ್ತೆ ಅಷ್ಟು ದುಡ್ಡು ಎಂತಕ್ಕೆ ಕೊಟ್ಟದ್ದು?"

ಕಂಡುಹಿಡಿದ ಮಿಶೆಲ್ ಮೇಯೋರ್, ಡಿಡಿಯೇ ಕೆಲೋ ಅವರಿಗೂ ಕಂಡಿರಲಿಲ್ಲ ಅಂದೆ. ಗ್ರಹ ಎಳೆಯುವುದಕ್ಕೆ ನಕ್ಷತ್ರವೂ ಅತ್ತಿತ್ತ ಹೊಯ್ದಾಡುತ್ತದೆ, ಸೆಕೆಂಡಿಗೆ 55 ಮೀಟರಿನಷ್ಟು. ಅದನ್ನು ಬೆಳಕಿನ ಬಣ್ಣಗಳ ಗೆರೆ ಜರುಗುವುದರಿಂದ ಹಿಡಿದರು, 2019ರಲ್ಲಿ ನೊಬೆಲ್ ಕೂಡ ಬಂತು. ಅಮ್ಮನಿಗೆ ಇದೆಲ್ಲ ಅಷ್ಟು ರುಚಿಸಲಿಲ್ಲ. ಈ ಬೆಳಕು ಅಲ್ಲಿಂದ ಹೊರಟು 50 ವರ್ಷ ಆಯಿತು ಅಂದಾಗ ಮಾತ್ರ, "ನನಗಾಗ ಮದುವೆಯೇ ಆಗಿರಲಿಲ್ಲ" ಅಂತ ಇಳಿದು ಬಂದು ಚಾಪೆಯಲ್ಲಿ ಕೂತರು.

ನೀವು ಇಂಥದ್ದು ತೆಗೆದುಕೊಳ್ಳುವುದಾದರೆ ಆ ರಿಂಗನ್ನು ಮೊದಲು ತಿರುಗಿಸಿ ನೋಡಿ. ಇದಕ್ಕಿಂತ ಜಾಸ್ತಿ ಪವರಿನದ್ದು ಸುಮ್ನೆ ಕೈ ಸೋಲಿಸುತ್ತದೆ. ನೆರೆಮನೆಯವರ ಹತ್ತಿರ ಇದರ ಸ್ಟ್ಯಾಂಡ್ ಕೂಡ ಇದೆಯಂತೆ. ಅವರು ಸಾವಿರ ಹೇಳಿದ್ದಾರೆ, ನಾನು 600ಕ್ಕೆ ಹಿಡಿದಿದ್ದೇನೆ.