ಸಿಗಡಿ ಮೂಸ್‌ಗೆಂದೇ ತಗೊಂಡ ಫುಡ್ ಪ್ರೊಸೆಸರ್: ಆರು ತಿಂಗಳ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಮೆಶಿನ್ ಚಪಾತಿ ಹಿಟ್ಟು ಕಲಸಲು ಹೇಗಿದೆ, ಕ್ಯಾರೆಟ್ ತುರಿಯಲು ಹೇಗಿದೆ ಅಂತ ತಿಳಿಯಬೇಕಿದ್ದರೆ ಈ ರಿವ್ಯೂ ನಿಮಗಲ್ಲ. ನಾನು ಇದನ್ನು ತಗೊಂಡಿದ್ದು ಒಂದೇ ಕೆಲಸಕ್ಕೆ. ಮೀನು, ಸಿಗಡಿಯ ಮೂಸ್ ಮಾಡಲು. ಚಾಕೊಲೇಟ್ ಮೂಸ್ ಅಲ್ಲ, ಉಪ್ಪಿನದ್ದು.

ಕಳೆದ ವರ್ಷ ಮದುವೆಯ ದಿನ ಅಂತ ದಕ್ಷಿಣ ಮುಂಬೈಯ ದೊಡ್ಡ ಹೋಟೆಲೊಂದಕ್ಕೆ ಹೋಗಿದ್ದೆವು. ಅಲ್ಲಿ ತಿಂದ ಸಿಗಡಿ ಮೂಸ್ ನಾಲಿಗೆ ಮೇಲೆ ಇಟ್ಟರೆ ಸಾಕು, ಕರಗಿ ಹೋಗುತ್ತಿತ್ತು, ಆದರೆ ಸಿಗಡಿಯ ಸಿಹಿ ಮಾತ್ರ ಬಾಯಲ್ಲೇ ಉಳಿಯುತ್ತಿತ್ತು. ಬಿಲ್ಲು ನೋಡಿದ ಇವರು "ಇನ್ನೊಮ್ಮೆ ಬೇಕಿದ್ದರೆ ಮನೆಯಲ್ಲೇ ಮಾಡು" ಅಂದರು. ಸುಮ್ನೆ ಹೇಳಿದ ಮಾತು, ನಾನು ಗಟ್ಟಿ ಹಿಡಿದುಕೊಂಡೆ. ಫೆಬ್ರವರಿಯಲ್ಲಿ ಹಳೇ ಮಿಕ್ಸಿ ಕೈಕೊಟ್ಟಾಗ ಮೂರು ಜಾರಿನ ಜೊತೆ ಫುಡ್ ಪ್ರೊಸೆಸರ್ ಬೌಲೂ ಇರುವ 1000 ವಾಟ್‌ನ ಮೆಶಿನ್ 8,500 ರೂಪಾಯಿ ಕೊಟ್ಟು ತಂದೆ. ಕಂಪನಿ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಊರಿಂದ ಬಂದಿದ್ದ ಅಮ್ಮ ಹೆಸರು ಕೇಳಿದ ಕೂಡಲೇ, "ಮೂಸೂದಾ? ತಿಂಬೂದಲ್ದಾ?" ಅಂದರು. ಫ್ರೆಂಚಿನಲ್ಲಿ ಮೂಸ್ ಅಂದರೆ ನೊರೆ ಅಂತ ವಿವರಿಸಿದೆ. "ನೊರಿ ತಿನ್ನೂಕೆ ಇಷ್ಟ್ ದುಡ್ಡಾ?" ಅಂತ ಇನ್ನೊಂದು ಬಂತು.

ಮೂಸ್‌ನ ಲೆಕ್ಕ ಕೇಳಲು ಸುಲಭ. ಹಸಿ ಮೀನನ್ನು ಉಪ್ಪು, ಮೊಟ್ಟೆಯ ಬಿಳಿ ಹಾಕಿ ನುಣ್ಣಗೆ ರುಬ್ಬಬೇಕು, ಜರಡಿ ಹಿಡಿಯಬೇಕು, ತಣ್ಣನೆಯ ಕ್ರೀಮ್ ಸ್ವಲ್ಪ ಸ್ವಲ್ಪವೇ ಸೇರಿಸಬೇಕು, ಬಟ್ಟಲಿಗೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಫ್ರಾನ್ಸಿನ ಲಿಯೋಂ ಊರಿನಲ್ಲಿ ಪೈಕ್ ಅನ್ನುವ ಮುಳ್ಳು ಜಾಸ್ತಿ ಇರುವ ಹೊಳೆ ಮೀನನ್ನು ಹೀಗೇ ಕಲ್ಲಿನಲ್ಲಿ ಕುಟ್ಟಿ, ಜರಡಿಯಲ್ಲಿ ಒತ್ತಿ, ಕೆನೆಲ್ ಅನ್ನುವ ಮೆತ್ತನೆಯ ಉಂಡೆ ಮಾಡುತ್ತಿದ್ದರು. ರಟ್ಟೆ ಬಿದ್ದುಹೋಗುವ ಕೆಲಸ. ಫುಡ್ ಪ್ರೊಸೆಸರ್ ಹುಟ್ಟಿದ್ದೂ ಅದೇ ದೇಶದಲ್ಲಿ. ಪಿಯರ್ ವೆರ್ದಂ ಅನ್ನುವವರು ಮೊದಲು ಹೋಟೆಲ್ ಅಡುಗೆಮನೆಗೆ ರೋಬೋ ಕೂಪ್ ಮೆಶಿನ್ ಮಾಡಿ, ಆಮೇಲೆ 1971ರಲ್ಲಿ ಮನೆಯವರಿಗೆ ಅಂತ ಮ್ಯಾಜಿಮಿಕ್ಸ್ ತಂದರು. ಇದನ್ನೆಲ್ಲ ಓದಿ, ಮೆಶಿನ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ ಅಂದುಕೊಂಡಿದ್ದೆ.

ಮೊದಲ ಸಲ ಮೆಶಿನ್ ತಪ್ಪೇನಿಲ್ಲ, ತಪ್ಪು ನನ್ನದು. ಕೇಕ್ ಸಾಮಾನಿನ ಅಂಗಡಿಗೆ ಹೋಗಿ "ವ್ಹಿಪ್ಪಿಂಗ್ ಕ್ರೀಮ್ ಕೊಡಿ" ಅಂದೆ, ಅವನು ಕೊಟ್ಟ, ನಾನು ಹಿಂದೆ ಮುಂದೆ ನೋಡದೆ ತಂದೆ. ಅದು ಹಾಲಿನ ಕ್ರೀಮೇ ಅಲ್ಲ, ಸಕ್ಕರೆ ಸೇರಿಸಿದ ವನಸ್ಪತಿ ಕೊಬ್ಬಿನದ್ದು, ಬರ್ತ್‌ಡೇ ಕೇಕ್ ಮೇಲೆ ಹೂವು ಬಿಡಿಸುವಂಥದ್ದು. ವೆನಿಲಾ ಪರಿಮಳದ ಸಿಹಿ ಸಿಗಡಿ ತಿಂದಿದ್ದೀರಾ? ನಮ್ಮ ಮನೆಯಲ್ಲಿ ತಿಂದಿದ್ದೇವೆ, ತಲಾ ಒಂದು ಚಮಚ. ಪ್ಯಾಕೆಟ್ ಹಿಂದೆ ಡೈರಿ ಅಂತ ಇದೆಯಾ, ಸಕ್ಕರೆ ಇದೆಯಾ, ಕೊಬ್ಬು ಎಷ್ಟು ಅಂತ ಓದಿ ತಗೊಳ್ಳಿ. ಅಮೂಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25 ಶೇಕಡಾ, ಅವರದೇ ವ್ಹಿಪ್ಪಿಂಗ್ ಕ್ರೀಮಿನಲ್ಲಿ 30. ಎರಡರಲ್ಲೂ ಮಾಡಿ ನೋಡಿದೆ. 30ರದ್ದು ಚೆನ್ನಾಗಿ ನಿಲ್ಲುತ್ತದೆ, 25ರದ್ದು ಸ್ವಲ್ಪ ಸಡಿಲ, ಆದರೆ ಕೆಟ್ಟದಲ್ಲ.

ಎರಡನೇ ಸಲ ಏಪ್ರಿಲ್. ಮುಂಬೈಯ ಏಪ್ರಿಲ್ ಮಧ್ಯಾಹ್ನ ಬೋರಿವಲಿಯ ಆರಡಿ ಅಗಲದ ಅಡುಗೆಮನೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ರೊಸೆಸರ್ ಬೌಲ್ ತೊಳೆಯಲು ಬೇಜಾರು ಅಂತ ಚಟ್ನಿ ಜಾರಿನಲ್ಲೇ ರುಬ್ಬಿದೆ. ಎರಡು ನಿಮಿಷಕ್ಕೆ ಸಿಗಡಿ ನುಣ್ಣಗಾಯಿತು. ಜಾರಿನ ತಳ ಮುಟ್ಟಿದೆ, ಉಗುರು ಬೆಚ್ಚಗಿತ್ತು. ಅದೇ ಬಿಸಿಯಲ್ಲಿ ಕ್ರೀಮ್ ಸುರಿದು ಇನ್ನೊಂದು ಸುತ್ತು ತಿರುಗಿಸಿದೆ ನೋಡಿ, ಮಜ್ಜಿಗೆ ಕಡೆದಾಗ ಬೆಣ್ಣೆ ಬರುತ್ತದಲ್ಲ, ಹಾಗೆ ಒಂದು ಕಡೆ ಹಳದಿ ಕಾಳು ಕಾಳು, ಇನ್ನೊಂದು ಕಡೆ ನೀರು. ಬೇಯಿಸಿದರೂ ಗಟ್ಟಿಯಾಗಲಿಲ್ಲ. ಅಮ್ಮ ಅದಕ್ಕೆ ಈರುಳ್ಳಿ, ಹಸಿಮೆಣಸು, ಎರಡು ಮುಷ್ಟಿ ಬ್ರೆಡ್ ಪುಡಿ ಕಲಸಿ ತವಾದ ಮೇಲೆ ಕಟ್ಲೆಟ್ ಮಾಡಿದರು. ನಿಜ ಹೇಳಬೇಕೆಂದರೆ ಅವತ್ತು ಪಾತ್ರೆ ಖಾಲಿಯಾದಷ್ಟು ಬೇಗ ಮುಂದೆಂದೂ ಆಗಿಲ್ಲ.

ಮೆಶಿನ್ ಬೆಲೆ ಗೊತ್ತಾಗಿದ್ದು ಆಮೇಲೆಯೇ. ಚಟ್ನಿ ಜಾರಿನ ಬ್ಲೇಡು ಸಣ್ಣ ಜಾಗದಲ್ಲಿ ತುಂಬಾ ಜೋರಾಗಿ ತಿರುಗುತ್ತದೆ, ಅದಕ್ಕೇ ಬಿಸಿ. ಪ್ರೊಸೆಸರ್ ಬೌಲ್ ಅಗಲ, ಬ್ಲೇಡು ದೊಡ್ಡದು, ವೇಗ ಕಡಿಮೆ, ಮೀನು ಅಷ್ಟು ಬೇಗ ಬಿಸಿಯಾಗುವುದಿಲ್ಲ. ಉಪ್ಪು ಹಾಕಿ ತಿರುಗಿಸುವಾಗ ಮೀನು ಒಂದು ಹಂತದಲ್ಲಿ ಬೌಲಿನ ಬದಿಗೆ ಅಂಟಿಕೊಂಡು, ಹೊಳಪು ಬಂದು, ಮೈದಾ ಹಿಟ್ಟಿನ ಹಾಗೆ ಎಳೆಯತೊಡಗುತ್ತದೆ. ಉಪ್ಪು ಮೀನಿನ ಪ್ರೋಟೀನನ್ನು ಹೊರಗೆ ಎಳೆದಿದ್ದರ ಗುರುತು ಅದು, ಕ್ರೀಮನ್ನು ಹಿಡಿದುಕೊಳ್ಳುವುದು ಆ ಅಂಟೇ. ಹಾಗಾಗಿ ಉಪ್ಪು ಮೊದಲು, ಕ್ರೀಮ್ ಕೊನೆಗೆ. ಇದರ ಪಲ್ಸ್ ಗುಂಡಿಯೂ ಚೆನ್ನಾಗಿದೆ, ಬೆರಳು ಬಿಟ್ಟ ಕೂಡಲೇ ನಿಲ್ಲುತ್ತದೆ. ಕ್ರೀಮ್ ಹಾಕುವಾಗ ಒಂದೊಂದು ಸೆಕೆಂಡಿನ ಲೆಕ್ಕ.

ನಾನು ಈಗ ಹೀಗೆ ಮಾಡುತ್ತೇನೆ. ಬೌಲು, ಬ್ಲೇಡು ಎರಡೂ ಅರ್ಧ ಗಂಟೆ ಫ್ರೀಜರಿನಲ್ಲಿ. ಮೆಶಿನ್ ಅಡುಗೆಮನೆಯಲ್ಲಿ ಅಲ್ಲ, ಬೆಡ್‌ರೂಮಿನಲ್ಲಿ, ಎಸಿ ಹಾಕಿ. ಹೌದು, ನಗಬೇಡಿ. ಹಾಸಿಗೆ ಪಕ್ಕದ ಸ್ಟೂಲ್ ಮೇಲೆ ಪೇಪರ್ ಹಾಸಿ ಸಿಗಡಿ ರುಬ್ಬುತ್ತೇನೆ, ಬೇಸಿಗೆಯಲ್ಲಿ ಬೇರೆ ದಾರಿ ಇಲ್ಲ. ಸುಲಿದ ಸಿಗಡಿ 300 ಗ್ರಾಂ, ರಾವಸ್ ಮೀನು 150 ಗ್ರಾಂ, ಒಂದು ಮೊಟ್ಟೆಯ ಬಿಳಿ, ಸಮ ಮಾಡಿದ ಒಂದು ಟೀ ಚಮಚ ಉಪ್ಪು, ಬಿಳಿ ಮೆಣಸಿನ ಪುಡಿ, ಚೂರು ಜಾಯಿಕಾಯಿ, ಕ್ರೀಮ್ 300 ಎಂಎಲ್. ತಲೆ, ಸಿಪ್ಪೆ ತೆಗೆದರೆ ಸಿಗಡಿಯ ತೂಕ ಅರ್ಧದಷ್ಟು ಹೋಗುತ್ತದೆ, ಆ ಲೆಕ್ಕದಲ್ಲಿ ತನ್ನಿ. ಸಿಪ್ಪೆ ಎಸೆಯಬೇಡಿ, ಬೆಣ್ಣೆಯಲ್ಲಿ ಹುರಿದು ಟೊಮೆಟೊ ಹಾಕಿ ಕುದಿಸಿ ಸೋಸಿದರೆ ಮೇಲೆ ಸುರಿಯಲು ಸಾಸ್ ಆಯಿತು.

ಒಂದು ಮಾತು, ಮೆಶಿನ್ ಎಷ್ಟೇ ನುಣ್ಣಗೆ ರುಬ್ಬಿದರೂ ಜರಡಿ ತಪ್ಪುವುದಿಲ್ಲ. ರವೆ ಸಾಣಿಸುವ ಸ್ಟೀಲ್ ಜರಡಿಯನ್ನು ಪಾತ್ರೆ ಮೇಲೆ ಮಗುಚಿ ಹಾಕಿ, ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಒಂದೊಂದೇ ಮುದ್ದೆ ಒತ್ತಿ ಎಳೆಯುತ್ತೇನೆ. ಕೆಳಗಡೆ ತಿಳಿ ಗುಲಾಬಿ ಬಣ್ಣದ ರೇಷ್ಮೆಯಂಥ ಪೇಸ್ಟು ಇಳಿಯುತ್ತದೆ, ಮೇಲೆ ಬಿಳಿ ನಾರು, ಸಣ್ಣ ಪೊರೆ, ಒಮ್ಮೊಮ್ಮೆ ಕಣ್ಣಿಗೆ ಕಾಣದೆ ಉಳಿದಿದ್ದ ಮುಳ್ಳಿನ ಚೂರು. ನಾಲ್ಕೈದು ಚಮಚದಷ್ಟು ಕಸ ಬಂತು ಮೊದಲ ಸಲ. 8,500 ರೂಪಾಯಿ ಮೆಶಿನ್ ಬಿಟ್ಟದ್ದನ್ನು 120 ರೂಪಾಯಿ ಜರಡಿ ಹಿಡಿಯಿತು ಅಂತ ಇವರು ಇವತ್ತಿಗೂ ಹೇಳುತ್ತಾರೆ. ಆಮೇಲೆ ಪಾತ್ರೆಯನ್ನು ಐಸ್ ನೀರಿನ ಮೇಲಿಟ್ಟು ಕ್ರೀಮಿನ ಅರ್ಧ ಭಾಗ ಕೈಯಲ್ಲೇ ಕಲಸುತ್ತೇನೆ, ಉಳಿದರ್ಧ ಮಾತ್ರ ಬೌಲಿನಲ್ಲಿ. ಬಟ್ಟಲಿಗೆ ಹಾಕುವ ಮೊದಲು ಒಂದು ಚಮಚ ಕುದಿಯದ ಬಿಸಿ ನೀರಿಗೆ ಬಿಟ್ಟು ಬೇಯಿಸಿ ತಿಂದು ನೋಡಿ. ಉಪ್ಪು ಸರಿಯಿದೆಯಾ, ನಿಲ್ಲುತ್ತದೆಯಾ, ಎರಡೂ ಆಗಲೇ ತಿಳಿಯುತ್ತದೆ. ಬೇಯಿಸಲು ಇಡ್ಲಿ ಪಾತ್ರೆ ಸಾಕು, ಆದರೆ ಇಡ್ಲಿಯ ಉರಿ ಬೇಡ. ಬೆಣ್ಣೆ ಸವರಿದ ಸ್ಟೀಲ್ ಬಟ್ಟಲು, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಸಣ್ಣ ಉರಿಯಲ್ಲಿ 15 ನಿಮಿಷ. ಉರಿ ಜಾಸ್ತಿಯಾದರೆ ಉಬ್ಬಿ, ತೂತು ಬಿದ್ದು, ಸ್ಪಂಜಿನ ಹಾಗಾಗುತ್ತದೆ.

ಮೀನಿನ ವಿಷಯ. ಒಮ್ಮೆ ಆಪ್‌ನಲ್ಲಿ ಫ್ರೋಜನ್ ಫಿಲೆ, ಅಂದರೆ ಮುಳ್ಳಿಲ್ಲದ ಮೀನಿನ ತುಂಡು ತರಿಸಿದೆ, ಐಸ್ ಕರಗಿದ ಮೇಲೆ ಅದರಿಂದ ಬಿಟ್ಟ ನೀರು ಒಂದು ಲೋಟ. ಆ ಮೂಸ್ ತಟ್ಟೆಗೆ ಬಂದ ಮೇಲೂ ಅಳುತ್ತಲೇ ಇತ್ತು. ಮಾಹೀಮಿನ ಸಿಟಿಲೈಟ್ ಮಾರ್ಕೆಟ್ಟಿಗೆ ಹೋದರೆ ರೇಟು ಜಾಸ್ತಿ ನಿಜ, ಆದರೆ ಮೀನು ಮಾರುವ ಮಾವಶಿ ರಾವಸ್ ಕಣ್ಣೆದುರೇ ಕೊಯ್ದು, ಚರ್ಮ ಬಿಡಿಸಿ ಕೊಡುತ್ತಾಳೆ. ಕಾಣೆ ಮೀನೂ ತುಂಬಾ ಚೆನ್ನಾಗಿ ಆಗುತ್ತದೆ, ಮುಳ್ಳು ಬಿಡಿಸುವ ತಾಳ್ಮೆ ಇದ್ದರೆ. ಬಂಗುಡೆ ಬೇಡವೇ ಬೇಡ. ಎಣ್ಣೆ ಜಾಸ್ತಿ, ಬಣ್ಣ ಕಪ್ಪು, ವಾಸನೆಗೆ ಅಮ್ಮ ಹೇಳಿದ ಹಾಗೆ ಮೂಸುವುದೇ ಆಗುತ್ತದೆ. ಜೂನ್ 1ರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆ ನಿಷೇಧ ಅಂತ ದೋಣಿ ಬಂದ್ ಇದ್ದಾಗ ಸಾಕಿದ ವನ್ನಾಮಿ ಸಿಗಡಿಯಲ್ಲೇ ಮಾಡಿದೆ. ರುಚಿ ಒಂದು ಕೈ ಕಡಿಮೆ, ಆದರೆ ಹಿಡಿತ ಚೆನ್ನಾಗಿದೆ.

ಈಗ ಮೆಶಿನ್ನಿನ ಬೈಗುಳ. 200 ಗ್ರಾಂ ಮೀನು ಹಾಕಿದರೆ ಬ್ಲೇಡಿಗೆ ಸಿಗುವುದೇ ಇಲ್ಲ, ಬ್ಲೇಡು ಬೌಲಿನ ತಳದಿಂದ ಅಷ್ಟು ಮೇಲಿದೆ. ಅಂಗಡಿಯಲ್ಲೇ ಒಳಗೆ ಬೆರಳಿಟ್ಟು ಆ ಸಂದು ನೋಡಿ, ವಾಟ್ ಎಷ್ಟು ಅಂತ ಕೇಳುವುದಕ್ಕಿಂತ ಅದು ಮುಖ್ಯ. ತರಕಾರಿ ತಳ್ಳುವ ಕೊಳವೆ ಇದೆ, ಕ್ರೀಮ್ ಸಣ್ಣಗೆ ಇಳಿಸಲು ತೂತಿಲ್ಲ. ಮುಚ್ಚಳದ ರಬ್ಬರ್ ಸುತ್ತಿನಲ್ಲಿ ಮೀನಿನ ವಾಸನೆ ಕೂತುಬಿಡುತ್ತದೆ, ಕಡಲೆ ಹಿಟ್ಟು, ಹುಣಸೆ ನೀರು ಹಾಕಿ ತಿಕ್ಕಿದರೆ ಮುಕ್ಕಾಲು ಪಾಲು ಹೋಗುತ್ತದೆ. ಜುಲೈನಲ್ಲಿ ಮುಚ್ಚಳದ ಲಾಕ್ ಮುರಿಯಿತು, ಅದು ಕೂರದೆ ಮೆಶಿನ್ ಶುರುವಾಗುವುದೇ ಇಲ್ಲ, ಒಂದು ಇಂಚಿನ ಪ್ಲಾಸ್ಟಿಕ್ ತುಂಡಿಗೆ ಕಂಪನಿಯವರು ಮೂರು ವಾರ ಕಾಯಿಸಿದರು, ಪ್ರತಿ ಸಲ ಫೋನ್ ಮಾಡಿದಾಗಲೂ "ಕಲ್ ಆಯೇಗಾ ಮೇಡಂ".

ತಗೊಳ್ಳಬಹುದಾ ಅಂದರೆ, ತಿಂಗಳಿಗೆ ಎರಡು ಸಲವಾದರೂ ಮೂಸ್, ಮೀನಿನ ಕಟ್ಲೆಟ್, ಕೀಮಾ ಮಾಡುವವರಾದರೆ ತಗೊಳ್ಳಿ. ವರ್ಷಕ್ಕೊಮ್ಮೆ ಆಸೆಗೆ ಮಾಡುವವರಾದರೆ ಮನೆಯ ಮಿಕ್ಸಿಯೇ ಸಾಕು. ಜಾರನ್ನು ಫ್ರೀಜರಿನಲ್ಲಿಟ್ಟು, ಹತ್ತು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಮತ್ತೆ ತಣ್ಣಗೆ ಮಾಡಿ. ಕ್ರೀಮ್ ಪೂರ್ತಿ ಕೈಯಲ್ಲಿ ಕಲಸಿ. ದುಡ್ಡನ್ನು ಜರಡಿಗೂ ರಾವಸಿಗೂ ಹಾಕಿ. ಐದಕ್ಕೆ ನನ್ನದು ಮೂರೂವರೆ, ಆ ಅರ್ಧ ಪಲ್ಸ್ ಗುಂಡಿಗೆ.

ಹಾಂ, ಅಮ್ಮ ಸೋಮವಾರ ಮೀನು ಮುಟ್ಟುವುದಿಲ್ಲ. ಒಂದು ಸೋಮವಾರ ನಾನು ಮರೆತು ಅದೇ ಬೌಲಿನಲ್ಲಿ ಕಡಲೆಬೇಳೆ ರುಬ್ಬಿ ಅಂಬೊಡೆ ಕರಿದಾಗ ಒಂದು ಬಾಯಿಗೇ ಗೊತ್ತು ಮಾಡಿಕೊಂಡರು. ಈಗ ಬೌಲಿನ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ "ಮೀನು" ಅಂತ ಬರೆದಿದೆ. ಅಕ್ಷರ ಅಮ್ಮನದ್ದು.