ಕಲಬುರಗಿ, ಬೀದರ್ ಮಂದಿ ಗಮನಕ್ಕೆ: ಉಸಿರು ಹಿಡಿಸುವ ಶಿಬಿರಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಸಮುದ್ರವೇ ಇಲ್ಲದ ಊರಲ್ಲಿ ಫ್ರೀಡೈವಿಂಗ್ ಏನ್ರೀ ಅಂತ ನಗಬೇಡಿ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳದೆ ಒಂದೇ ಉಸಿರಲ್ಲಿ ಆಳಕ್ಕೆ ಮುಳುಗುವ ಈ ಕಲೆಯ ಕೋಚ್ ತಾನು ಎಂದು ಹೇಳಿಕೊಂಡು ಒಬ್ಬ ನಮ್ಮ ಕಲಬುರಗಿಯಲ್ಲಿ ಶಿಬಿರ ನಡೆಸಿ ಹೋದ. ಪೋಸ್ಟರ್ ತುಂಬ ಟೆನ್ಷನ್, ನಿದ್ದೆ, ಬಿಪಿ, ಮನಶ್ಶಾಂತಿ. ಫೀ ₹4,500. ಶನಿವಾರ ಹಾಲ್‌ನಲ್ಲಿ ಪಾಠ, ರವಿವಾರ ಈಜುಕೊಳದಲ್ಲಿ. ಆ ರವಿವಾರ ಒಬ್ಬ ಹುಡುಗ ನೀರಲ್ಲೇ ಪ್ರಜ್ಞೆ ತಪ್ಪಿದ. ಬದುಕಿದ್ದಾನೆ, ಅದು ಅವನ ಪುಣ್ಯ. ದೂರು ಕೊಡುವುದು ಬಿಡುವುದು ಅವನ ಮನೆಯವರಿಗೆ ಬಿಟ್ಟದ್ದು, ಹಾಗಾಗಿ ಇಲ್ಲಿ ಯಾರ ಹೆಸರೂ ಬರೆಯುತ್ತಿಲ್ಲ.

ಶನಿವಾರದ ಬಗ್ಗೆ ನನ್ನದೇನೂ ತಕರಾರಿಲ್ಲ. ಚಾಪೆ ಮೇಲೆ ಮಲಗಿಸಿ ಕಾಲ್ಬೆರಳಿಂದ ದವಡೆಯವರೆಗೆ ಒಂದೊಂದೇ ಅಂಗ ಸಡಿಲ ಬಿಡಿಸಿದ. ಹೊಟ್ಟೆಯಿಂದ ಉಸಿರು ಎಳೆದು, ಎಳೆದದ್ದರ ದುಪ್ಪಟ್ಟು ಹೊತ್ತು ಬಿಡುವುದನ್ನು ಕಲಿಸಿದ. ನಿಧಾನಕ್ಕೆ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ, ಸುಳ್ಳಲ್ಲ. ಮುಖಕ್ಕೆ ತಣ್ಣೀರು ತಾಗಿದರೂ ಇಳಿಯುತ್ತದೆ. ನಮ್ಮ ಬಿಸಿಲಲ್ಲಿ ಬೆಂದು ಬಂದ ಅರ್ಧ ಮಂದಿ ಆ ಎಸಿ ಹಾಲ್‌ನಲ್ಲಿ ಗೊರಕೆ ಹೊಡೆದರು, ಅದರ ಕ್ರೆಡಿಟ್ಟೂ ಕೋಚ್‌ಗೇ ಹೋಯಿತು.

ರವಿವಾರ ವರಸೆ ಬದಲಾಯಿತು. ಕೊಳದ ಅಂಚಿಗೆ ಕೂರಿಸಿ "ಈಗ ಫುಲ್ ಚಾರ್ಜ್ ಆಗ್ಬೇಕು" ಎಂದು ಭಸ್ತ್ರಿಕದ ಹಾಗೆ ಜೋರಾಗಿ, ಬಿರುಸಾಗಿ ಉಸಿರಾಡಿಸಿದ. ಬೆರಳ ತುದಿ ಜುಮುಜುಮು ಎಂದಿತು, ತುಟಿ ಮರಗಟ್ಟಿತು, ತಲೆ ಹಗುರಾಯಿತು. ಪ್ರಾಣಶಕ್ತಿ ಹರಿಯುತ್ತಿದೆ ಎಂದ. ಇನ್ನು ನೀರಲ್ಲಿ ಬೋರಲು ತೇಲಿ ಉಸಿರು ಹಿಡೀರಿ, ಹೊಟ್ಟೆ ಎಳೆದರೂ ಏಳಬೇಡಿ, ಅದು ಬರೀ ಮನಸ್ಸಿನ ನಾಟಕ ಎಂದ.

ಶಹಾಬಾದ್ ಕಡೆಯ ಆ ಹುಡುಗನಿಗೆ ಇಪ್ಪತ್ತರ ಆಸುಪಾಸು. ಈಸುವುದರಲ್ಲಿ ಎಲ್ಲರಿಗಿಂತ ಹುಷಾರು, ಅದಕ್ಕೇ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯುವ ಹಟ. ಕೋಚ್ ಒಂದು ಕೈಯಲ್ಲಿ ಸ್ಟಾಪ್‌ವಾಚ್, ಇನ್ನೊಂದರಲ್ಲಿ ಮೊಬೈಲ್ ಹಿಡಿದು ರೀಲ್ ಮಾಡುತ್ತಿದ್ದ. ಹುಡುಗನ ಹೊಟ್ಟೆ ಕುಲುಕುವುದು ಮೊದಲು ಕಾಣುತ್ತಿತ್ತು, ಆಮೇಲೆ ಅದೂ ನಿಂತಿತು. ಬಾಯಿಂದ ಒಂದಿಷ್ಟು ಗುಳ್ಳೆ ಎದ್ದವು. ಒದ್ದಾಟವಿಲ್ಲ, ಸದ್ದಿಲ್ಲ. "ನೋಡಿ, ಎಷ್ಟು ರಿಲ್ಯಾಕ್ಸ್ ಆಗಿದಾನೆ!" ಎಂದು ಕೋಚ್ ನಮಗೆ ತೋರಿಸಿದ. ಕೊಳ ನೋಡಿಕೊಳ್ಳುವ ಕಾಕಾ ಕೈಯಲ್ಲಿದ್ದ ಪೈಪು ಬಿಸಾಕಿ, "ರಿಲ್ಯಾಕ್ಸ್ ಅಲ್ಲರೀ ಅದು, ಮೊದ್ಲ ಎತ್ರಿ ಅವನಿಗಿ!" ಎಂದು ಬಟ್ಟೆ ಸಮೇತ ಹಾರಿದರು. ಮಗುಚಿದಾಗ ತುಟಿ ನೇರಳೆಯಾಗಿತ್ತು, ಅರ್ಧ ತೆರೆದ ಕಣ್ಣು ನೆಟ್ಟಲ್ಲೇ ನೆಟ್ಟಿತ್ತು. ಕೆನ್ನೆ ತಟ್ಟಿ, ಹೆಸರು ಹಿಡಿದು ಕೂಗಿದ ಮೇಲೆ ಗೊರ್ ಎಂದು ಉಸಿರೆಳೆದ, ಕೈಕಾಲು ಅದುರಿದವು. ಏನಾಯಿತೆಂದು ಅವನಿಗೆ ಖಬರೇ ಇಲ್ಲ. "ಟೈಮ್ ಎಷ್ಟಾಯ್ತ್ರೀ ಸರ್?" ಅಂತ ಕೇಳಿದ.

ಕೋಚ್ ಅದಕ್ಕೆ, "ಇದಕ್ಕೆ ಸಾಂಬಾ ಅಂತಾರೆ, ಕಾಮನ್ನು. ಹತ್ತು ನಿಮಿಷ ಬಿಟ್ಟು ಮತ್ತೆ ಇಳಿ" ಎಂದ. ಎಚ್ಚರ ಪೂರ್ತಿ ತಪ್ಪದೆ ಮೈ ಮಾತ್ರ ಹತೋಟಿ ತಪ್ಪಿ ನಡುಗಿದರೆ ಅದಕ್ಕೆ ಈ ಆಟದವರು ಸಾಂಬಾ ಎನ್ನುತ್ತಾರೆ. ನಾವು ನೋಡಿದ್ದು ಪೂರಾ ಬ್ಲ್ಯಾಕ್‌ಔಟ್, ಅಂದರೆ ಎಚ್ಚರವೇ ತಪ್ಪಿದ್ದು. ಅದಾದವರನ್ನು ಆ ದಿನ ಮತ್ತೆ ನೀರಿಗೆ ಇಳಿಸಲೇಬಾರದು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ತಾಸು ಬಿಟ್ಟೂ ಕಾಣಿಸಬಹುದು ಎಂದು ಡಾಕ್ಟರು ರಾತ್ರಿ ಇಟ್ಟುಕೊಂಡರು.

ಅವರು ವಿವರಿಸಿದ ಮೇಲೆ ಮೈ ಝುಂ ಎಂದಿತು. ಉಸಿರು ತಗೋ ಎಂದು ನಮ್ಮನ್ನು ಒತ್ತಾಯಿಸುವುದು ಆಕ್ಸಿಜನ್ ಕಮ್ಮಿಯಾದದ್ದಲ್ಲ, ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದು. ಆರೋಗ್ಯವಂತರ ರಕ್ತದಲ್ಲಿ ಆಕ್ಸಿಜನ್ ಮೊದಲೇ ನೂರಕ್ಕೆ 97-98ರಷ್ಟು ತುಂಬಿರುತ್ತದೆ. ಎಷ್ಟು ಬಿರುಸಾಗಿ ಉಸಿರಾಡಿದರೂ ಅದು ಹೆಚ್ಚೇನೂ ಏರುವುದಿಲ್ಲ, ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಬೆರಳು ಜುಮುಗುಟ್ಟಿದ್ದೂ ಅದಕ್ಕೇ, ಪ್ರಾಣಶಕ್ತಿಗಲ್ಲ. ಹಾಗೆ ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕಿ ಉಸಿರು ಹಿಡಿದರೆ ಉಸಿರು ತಗೋ ಎನ್ನುವ ಒತ್ತಡ ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಕ್ಸಿಜನ್ ತಳ ಕಂಡು ಮಿದುಳು ಆಫ್ ಆಗಿರುತ್ತದೆ. ಬಂದ ಒತ್ತಡವನ್ನೂ ನಾಟಕ ಎಂದು ತಳ್ಳಿಹಾಕಿದರೆ ಉಳಿಯುವುದೇನು? ಚಾಪೆ ಮೇಲೆ ಭಸ್ತ್ರಿಕ ಮಾಡುತ್ತ ತಲೆ ತಿರುಗಿ ಬಿದ್ದವನು ಸಾಮಾನ್ಯವಾಗಿ ತಾನಾಗಿ ಉಸಿರಾಡಿ ಎದ್ದು ಕೂರುತ್ತಾನೆ. ನೀರಲ್ಲಾದರೆ ಆ ಮೊದಲ ಉಸಿರಿಗೆ ಒಳಗೆ ಹೋಗುವುದು ನೀರು. "ನಮ್ಮ ಪ್ರಾಣಾಯಾಮಾನೇ ಅಲ್ಲೇನ್ರೀ" ಎನ್ನುವವರು ಇದೊಂದನ್ನು ಲಕ್ಷ್ಯದಲ್ಲಿಡಿ.

ಫ್ರಾನ್ಸಿನ ಸ್ಟೆಫಾನ್ ಮಿಫ್ಸೂದ್ 2009ರಲ್ಲಿ 11 ನಿಮಿಷ 35 ಸೆಕೆಂಡ್ ಉಸಿರು ಹಿಡಿದ ದಾಖಲೆ ಹೇಳಿ ಕೋಚ್ ನಮ್ಮನ್ನು ಹುರಿದುಂಬಿಸಿದ್ದ. ಅಂಥ ಸ್ಪರ್ಧೆಗಳಲ್ಲಿ ಕೈಗೆಟಕುವಷ್ಟು ಹತ್ತಿರ ಕಾಯುವವರು ನಿಂತಿರುತ್ತಾರೆ ಎಂದು ಹೇಳಲಿಲ್ಲ. ವಿಶ್ವದಾಖಲೆಗಳ ರಾಶಿಯೇ ಹೆಸರಲ್ಲಿದ್ದ ರಷ್ಯಾದ ನಟಾಲಿಯಾ ಮೊಲ್ಚನೋವಾ 2015ರ ಆಗಸ್ಟ್‌ನಲ್ಲಿ ಸ್ಪೇನಿನ ಫಾರ್ಮೆಂಟೆರಾ ಬಳಿ ಮುಳುಗಿದವರು ಮತ್ತೆ ಸಿಗಲೇ ಇಲ್ಲ ಎನ್ನುವುದನ್ನೂ ಹೇಳಲಿಲ್ಲ.

ಗಲಾಟೆಯಾದ ಮೇಲೆ ಸರ್ಟಿಫಿಕೇಟ್ ತೋರಿಸು ಎಂದೆವು. ಮೊಬೈಲ್‌ನಲ್ಲಿ ತೋರಿಸಿದ್ದು ಐಡಾ ಎಂಬ ಅಂತರರಾಷ್ಟ್ರೀಯ ಫ್ರೀಡೈವಿಂಗ್ ಸಂಸ್ಥೆಯ 2ನೇ ಹಂತದ ಕಾರ್ಡು. ಅದು ಕಲಿಯುವವರಿಗೆ ಕೊಡುವುದು, ಕಲಿಸುವವರಿಗಲ್ಲ. ದುಡ್ಡು ವಾಪಸ್ ಕೇಳಿದರೆ ನಾವು ಸಹಿ ಹಾಕಿದ್ದ ಫಾರ್ಮ್ ಮುಂದೆ ಹಿಡಿದ.

ಹೋಗುವವರು ಹೋಗಿ, ನಿಜವಾಗಿ ಕಲಿಸುವವರೂ ಇದ್ದಾರೆ. ಇನ್‌ಸ್ಟ್ರಕ್ಟರ್ ನಂಬರ್ ಕೇಳಿ, ಕೊಟ್ಟ ಸಂಸ್ಥೆಗೇ ಬರೆದು ಖಾತ್ರಿ ಮಾಡಿಕೊಳ್ಳಿ. ನೀರಿಗಿಳಿಯುವ ಮುಂಚೆ ಬಿರುಸಾಗಿ ಉಸಿರಾಡಿ ಎಂದರೆ ಅಲ್ಲಿಂದಲೇ ಎದ್ದು ಬನ್ನಿ. ಒಬ್ಬ ಮುಳುಗಿದರೆ ಇನ್ನೊಬ್ಬ ಮೇಲೆ ನಿಂತು ಅವನನ್ನೇ ನೋಡಬೇಕು, ಪ್ರಜ್ಞೆ ತಪ್ಪಿದವನನ್ನು ಎತ್ತುವುದು ಹೇಗೆಂದು ಮೊದಲ ದಿನವೇ ಮಾಡಿಸಿ ತೋರಿಸಬೇಕು. ನಮಗೆ ಅದ್ಯಾವುದೂ ಇರಲಿಲ್ಲ.

ನನಗೆ ಹೆಚ್ಚು ಹೆದರಿಕೆ ಇರುವುದು ಕೊಳದ ಬಗ್ಗೆ ಅಲ್ಲ. ಆ ಹುಡುಗ ಶನಿವಾರ ರಾತ್ರಿಯೇ ಇದನ್ನೆಲ್ಲ ಗೆಳೆಯರಿಗೆ ಫೋನಲ್ಲಿ ಹೇಳಿದ್ದನಂತೆ. ಬೇಸಿಗೆ ಬಂದರೆ ನಮ್ಮ ಕಡೆ ಹುಡುಗರು ಈಸುವುದು ಹೊಲದ ಬಾವಿಯಲ್ಲಿ, ಫರ್ಶಿ ಕಲ್ಲು ತೆಗೆದು ಬಿಟ್ಟ ಗಣಿಯ ನೀರಲ್ಲಿ. ಅಲ್ಲಿ ಪೈಪು ಹಿಡಿದು ನಿಂತ ಕಾಕಾ ಇರುವುದಿಲ್ಲ, ತಳವೂ ಕಾಣುವುದಿಲ್ಲ. ಮನೆಯಲ್ಲಿ ಹುಡುಗರಿದ್ದರೆ ಕೇಳಿ ನೋಡಿ, ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಪಂಥ ಕಟ್ಟುತ್ತಿದ್ದಾರೇನೋ.

ಆ ಕೋಚ್ ನಿನ್ನೆ ಸ್ಟೇಟಸ್ ಹಾಕಿದ್ದಾನೆ. ಮುಂದಿನ ಬ್ಯಾಚ್ ಬೀದರ್‌ನಲ್ಲಂತೆ, ಬೇಗ ಸೇರಿದವರಿಗೆ ₹500 ರಿಯಾಯಿತಿ. ಜೊತೆಗೆ ನಮ್ಮ ಕೊಳದ ರೀಲ್, ಹುಡುಗ ಅಲುಗಾಡದೆ ತೇಲುತ್ತಿರುವುದು, ಕಾಕಾ ಹಾರುವುದಕ್ಕಿಂತ ಮುಂಚೆ ಕತ್ತರಿಸಿದ್ದು.