ಗುಂಪಾಗಿ ಹಕ್ಕಿ ನೋಡಲು ಯಾವುದು ಮೇಲು: ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಮಾಗಡಿ ಕೆರೆ

ಮೈಸೂರಿನ ನಮ್ಮ ಬೀದಿಯ ಹತ್ತು ಹನ್ನೆರಡು ಜನ ಮೂರು ವರ್ಷಗಳಿಂದ ಒಟ್ಟಾಗಿ ಹಕ್ಕಿ ನೋಡಲು ಹೊರಡುತ್ತಿದ್ದೇವೆ. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರಿದ್ದಾರೆ, ಐದನೇ ಕ್ಲಾಸಿನ ಮಕ್ಕಳಿದ್ದಾರೆ. ದುರ್ಬೀನು ಮಾತ್ರ ಮೂರೇ. ಒಬ್ಬನೇ ಹೋದಾಗ ಎಷ್ಟು ಬಗೆಯ ಹಕ್ಕಿ ಕಂಡವು ಎಂದು ಎಣಿಸಿದರೆ ಸಾಕು. ಗುಂಪಿನ ಲೆಕ್ಕ ಬೇರೆ. ಹಿಂದೆ ನಿಂತ ಮಗುವಿಗೂ ಹಕ್ಕಿ ಕಂಡಿತೇ? ನಿಂತು ನೋಡಲು ಪುರುಸೊತ್ತು ಸಿಕ್ಕಿತೇ?

ಹತ್ತಿರದಿಂದ ನೋಡಬೇಕೆಂದರೆ ರಂಗನತಿಟ್ಟನ್ನು ಮೀರಿಸುವ ಜಾಗವಿಲ್ಲ. ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಆದ ತಿಟ್ಟುಗಳಿವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ ಮೈಸೂರು ಅರಸರು ಇದನ್ನು ಪಕ್ಷಿಧಾಮವಾಗಿಸಿದರು. ದೋಣಿಯಲ್ಲಿ ಕುಳಿತರೆ ದುರ್ಬೀನೇ ಬೇಡ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಬಂಡೆಯಡಿಗೆ ಅಂಟಿದ ಮಣ್ಣಿನ ಗೂಡುಗಳ ಸಾಲು, ಮರಿಗೆ ಉಣಿಸುತ್ತಿರುವ ಚಮಚಕೊಕ್ಕು, ಎಲ್ಲವೂ ಮೇಷ್ಟ್ರಿಗೆ ಕನ್ನಡಕದಲ್ಲೇ ಕಂಡವು. ಆದರೆ ದೋಣಿ ಮುಂದೆ ಸಾಗಲೇಬೇಕು. ಚಮಚಕೊಕ್ಕನ್ನು ಇನ್ನೂ ನೋಡಬೇಕು ಎನ್ನುವಷ್ಟರಲ್ಲಿ ಅದು ಹಿಂದೆ ಉಳಿದಿರುತ್ತದೆ. ಭಾನುವಾರವಾದರೆ ಜನವೂ ಹೆಚ್ಚು. ಮೊದಲ ಸಲ ಹಕ್ಕಿ ನೋಡುವವರಿಗೆ ಇದೇ ಸರಿ. ವಾರದ ದಿನ, ಬೆಳಗಿನ ಮೊದಲ ದೋಣಿ ಹಿಡಿಯಿರಿ.

ಕೊಕ್ಕರೆಬೆಳ್ಳೂರಿನಲ್ಲಿ ದೋಣಿಯಿಲ್ಲ. ಮದ್ದೂರು ತಾಲ್ಲೂಕಿನ ಈ ಊರಿಗೆ ಬೆಂಗಳೂರು–ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದಲ್ಲಿ ತಿರುಗಬೇಕು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಎತ್ತು ಮೇವು ತಿನ್ನುತ್ತಿರುತ್ತದೆ, ಮೇಲೆ ಕೊಕ್ಕು ಕಟಕಟಿಸುವ ಸದ್ದು. ನಾವು ಹೋದದ್ದು ಮಾರ್ಚಿನಲ್ಲಿ. ಒಂದೇ ಮರದಡಿ ಒಂದೂವರೆ ಗಂಟೆ ನಿಂತೆವು. ಬೇಗ ಬನ್ನಿ ಎನ್ನುವವರಿಲ್ಲ. ಮೂರು ದುರ್ಬೀನು ಹನ್ನೆರಡು ಕೈ ಸುತ್ತಿದವು. ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ತೂರಿಸಿ ಮೀನು ತಿನ್ನುವುದನ್ನು ಎಲ್ಲರೂ ನೋಡಿದೆವು.

ಮಕ್ಕಳು ಕುಣಿದು ಕೂಗಿದಾಗ ಜಗುಲಿಯ ಮೇಲಿದ್ದ ಅಜ್ಜಿ ಗದರಿದರು: ‘ಬಾಣಂತನಕ್ಕೆ ತವರಿಗೆ ಬಂದವೆ ಕಣ್ರಪ್ಪಾ, ಸುಮ್ಕಿರಿ.’ ಅಷ್ಟೇ, ಮಕ್ಕಳ ದನಿ ಪಿಸುಮಾತಿಗಿಳಿಯಿತು. ನಾನು ದಾರಿಯುದ್ದಕ್ಕೂ ಹೇಳಿದ್ದು ಅವರ ಕಿವಿಗೇ ಬಿದ್ದಿರಲಿಲ್ಲ. ಗೂಡಿರುವ ಮರ ಕಡಿಯದಿರಲು ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಊರ ಯುವಕರ ಹೆಜ್ಜಾರ್ಲೆ ಬಳಗವೂ ಇದೆ. ಅಂಥದ್ದೊಂದು ಮರಿಯ ಮುಂದೆ ನಮ್ಮ ಹುಡುಗಿಯೊಬ್ಬಳು ಕುಕ್ಕರಗಾಲಲ್ಲಿ ಕೂತವಳು ಏಳಲೇ ಇಲ್ಲ. ಬಿಸಿಲು, ಹಿಕ್ಕೆಯ ವಾಸನೆ ಎರಡೂ ಜೋರು. ಟೋಪಿ ಬೇಕೇ ಬೇಕು. ನೇರ ಗೂಡಿನ ಕೆಳಗೆ ನಿಲ್ಲಬೇಡಿ.

ಮಾಗಡಿ ಎಂದರೆ ರಾಮನಗರದ ಪಕ್ಕದ್ದಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಊರು. ಇಲ್ಲಿನ ಕೆರೆಯೂ ರಂಗನತಿಟ್ಟಿನಂತೆ ರಾಮ್ಸರ್ ಪಟ್ಟಿಯಲ್ಲಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ಪಟ್ಟಿಯಲ್ಲಿ. ಅದು ಸೇರಿದ್ದು 2022ರಲ್ಲಿ, ಇದು 2024ರಲ್ಲಿ. ಹೋಲಿಕೆ ಅಷ್ಟಕ್ಕೇ ಮುಗಿಯಿತು. ಹುಬ್ಬಳ್ಳಿಗೆ ರಾತ್ರಿ ರೈಲು, ಅಲ್ಲಿಂದ ಟೆಂಪೊ, ಹಿಂದಿನ ದಿನವೇ ಹೋಗಿ ಉಳಿಯಬೇಕು, ಖರ್ಚೂ ಹೆಚ್ಚು. ಆದರೆ ಜನವರಿಯ ಆ ನಸುಕು! ರಾತ್ರಿ ಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಕೂಗುತ್ತ ಕೆರೆಗೆ ಇಳಿದವು. ಹಿಮಾಲಯವನ್ನೇ ದಾಟಿ ಬಂದ ಹಕ್ಕಿಗಳು. ಮೇಷ್ಟ್ರು ಟೋಪಿ ತೆಗೆದು ನಿಂತುಬಿಟ್ಟರು.

ತೊಡಕಾದದ್ದು ಆಮೇಲೆ. ಹೆಬ್ಬಾತುಗಳು ನೀರಿನ ನಡುವೆ ಹೋಗಿ ಕೂತವು. ನಮ್ಮ ದುರ್ಬೀನುಗಳಿಗೆ ತಲೆಯ ಪಟ್ಟೆ ಸರಿಯಾಗಿ ಸಿಗಲಿಲ್ಲ, ಮಕ್ಕಳಿಗೆ ಬೇಸರ ಬಂತು. ನಮ್ಮಲ್ಲೊಬ್ಬರು ಫೋಟೊಗೆಂದು ದಂಡೆಗಿಳಿದರು, ಇಡೀ ಹಿಂಡು ಎದ್ದಿತು. ಹಗಲು ವಿಶ್ರಮಿಸಬೇಕಾದ ಹಕ್ಕಿಗಳನ್ನು ಎಬ್ಬಿಸಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಅಲ್ಲಿಗೆ ಹೋಗುವುದಾದರೆ ಐದಾರು ಜನ ಸಾಕು, ಟ್ರೈಪಾಡಿನ ಮೇಲೆ ನಿಲ್ಲಿಸುವ ಸ್ಕೋಪ್ ಬೇಕು, ಕಾಯುವ ಅಭ್ಯಾಸ ಇರಬೇಕು.

ಹಾಗಾಗಿ ಈ ಸಲ ಮಾಗಡಿಗೆ ದೊಡ್ಡವರು ಮಾತ್ರ, ಸ್ಕೋಪ್ ಹೊಂದಿಸಿಕೊಂಡು. ಇಡೀ ಗುಂಪಿಗೆ ಮತ್ತೆ ಕೊಕ್ಕರೆಬೆಳ್ಳೂರೇ. ಆ ಮರಿ ಬಲಿತು ಹಾರಿಹೋಯಿತೇ ಎಂದು ಬಳಗದವರನ್ನು ಕೇಳಬೇಕಂತೆ. ಹುಡುಗಿ ಈಗಲೇ ಹೇಳಿಟ್ಟಿದ್ದಾಳೆ.